ಕಾಡು ಕರಗುತ್ತಿದೆಯೋ, ಚೇತರಿಸುತ್ತಿದೆಯೋ: ಒಂದೇ ನೆಲಕ್ಕೆ ಎರಡು ಲೆಕ್ಕ

2025ರಲ್ಲಿ ಐದು ತಿಂಗಳ ಅಂತರದಲ್ಲಿ ಜಗತ್ತಿನ ಕಾಡುಗಳ ಬಗ್ಗೆ ಎರಡು ಸುದ್ದಿಗಳು ಬಂದವು. ಮೇ ತಿಂಗಳಿನದು ದಿಗಿಲು ಹುಟ್ಟಿಸುವಂಥದು. 2024ರ ಒಂದೇ ವರ್ಷದಲ್ಲಿ ಉಷ್ಣವಲಯದ 67 ಲಕ್ಷ ಹೆಕ್ಟೇರ್ ಹಳೆಯ ಮಳೆಕಾಡು ನಾಶವಾಗಿದೆ, ಹಿಂದಿನ ವರ್ಷಕ್ಕಿಂತ ಶೇ 80ರಷ್ಟು ಹೆಚ್ಚು, ನಿಮಿಷಕ್ಕೆ ಹದಿನೆಂಟು ಫುಟ್‌ಬಾಲ್ ಮೈದಾನಗಳಷ್ಟು ಎಂದು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಉಪಗ್ರಹ ಲೆಕ್ಕವನ್ನು ಮುಂದಿಟ್ಟು ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಹೇಳಿತು. ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒ, ಐದು ವರ್ಷಕ್ಕೊಮ್ಮೆ ಹೊರತರುವ ಅರಣ್ಯ ಸಮೀಕ್ಷೆಯನ್ನು ಬಿಡುಗಡೆ ಮಾಡಿತು. ಅದರ ಧ್ವನಿಯೇ ಬೇರೆ. 1990ರ ದಶಕದಲ್ಲಿ ವರ್ಷಕ್ಕೆ 1.76 ಕೋಟಿ ಹೆಕ್ಟೇರ್ ಇದ್ದ ಅರಣ್ಯನಾಶ ಕಳೆದ ದಶಕದಲ್ಲಿ 1.09 ಕೋಟಿಗೆ ಇಳಿದಿದೆ. ಭೂಮಿಯ ನೆಲಭಾಗದ ಶೇ 32ರಷ್ಟು, ಒಟ್ಟು 414 ಕೋಟಿ ಹೆಕ್ಟೇರ್ ಕಾಡು ಉಳಿದಿದೆ.

ಎರಡನ್ನೂ ಓದಿದವರಿಗೆ ಗೊಂದಲವಾದರೆ ಅದು ಓದುಗರ ತಪ್ಪಲ್ಲ. ಎರಡು ವರದಿಗಳಲ್ಲಿ ಒಂದು ಸುಳ್ಳು ಹೇಳುತ್ತಿರಬೇಕು ಎಂದು ಊಹಿಸುವುದು ಸುಲಭ. ಆದರೆ ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇವೆ. ಅವು ಅಳೆಯುತ್ತಿರುವ ವಸ್ತು ಬೇರೆ, ಅವಧಿ ಬೇರೆ, ಕೂಡಿ ಕಳೆಯುವ ಕ್ರಮವೂ ಬೇರೆ.

ಮರವಿಲ್ಲದ ಕಾಡು, ಕಾಡಲ್ಲದ ಮರ

ಎಫ್‌ಎಒ ಪ್ರಕಾರ ಕಾಡು ಎನ್ನಿಸಿಕೊಳ್ಳಲು ಜಾಗ ಅರ್ಧ ಹೆಕ್ಟೇರಿಗಿಂತ ದೊಡ್ಡದಿರಬೇಕು, ಮರಗಳು ಐದು ಮೀಟರಿಗಿಂತ ಎತ್ತರ ಬೆಳೆಯುವಂತಿರಬೇಕು, ಕೊಂಬೆ ಎಲೆಗಳ ಹರವು ನೆಲದ ಶೇ 10ಕ್ಕಿಂತ ಹೆಚ್ಚಿರಬೇಕು. ಇದರ ಜೊತೆಗೊಂದು ಷರತ್ತಿದೆ: ಆ ಜಾಗ ಮುಖ್ಯವಾಗಿ ಬೇಸಾಯಕ್ಕೋ ಊರಿಗೋ ಬಳಕೆಯಾಗುತ್ತಿರಬಾರದು. ಹೀಗಾಗಿ ರಬ್ಬರ್ ನೆಡುತೋಪು ಕಾಡಾಗುತ್ತದೆ, ತಾಳೆ ಎಣ್ಣೆಯ ತೋಟ ಕಾಡಾಗುವುದಿಲ್ಲ. ಇನ್ನೂ ವಿಚಿತ್ರವೆಂದರೆ, ಇಡೀ ಬೆಟ್ಟದ ಮರಗಳನ್ನು ಬೋಳಾಗಿ ಕಡಿದರೂ, ಬೆಂಕಿಗೆ ಸಿಕ್ಕಿ ಒಂದು ಮೊಳಕೆಯೂ ಉಳಿಯದಿದ್ದರೂ, ಮತ್ತೆ ಮರ ಬೆಳೆಯುತ್ತದೆ ಎಂಬ ನಿರೀಕ್ಷೆ ಇರುವವರೆಗೆ ಅದು ಲೆಕ್ಕದಲ್ಲಿ ಕಾಡೇ. ಜಾಗದ ಬಳಕೆ ಬದಲಾದಾಗ ಮಾತ್ರ, ಹುಲ್ಲುಗಾವಲೋ ಸೋಯಾ ಹೊಲವೋ ರಸ್ತೆಯೋ ಬಂದಾಗ ಮಾತ್ರ, ಅದು ಅರಣ್ಯನಾಶದ ಪಟ್ಟಿಗೆ ಸೇರುತ್ತದೆ.

ಉಪಗ್ರಹಕ್ಕೆ ಈ ನಿರೀಕ್ಷೆ, ಬಳಕೆ ಯಾವುದೂ ತಿಳಿಯದು. ಲ್ಯಾಂಡ್‌ಸ್ಯಾಟ್ ಉಪಗ್ರಹ ತೆಗೆಯುವ ಚಿತ್ರದ ಒಂದು ಚೌಕವೆಂದರೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಆ ಚೌಕದಲ್ಲಿ ಹೋದ ವರ್ಷ ಎಲೆಚಪ್ಪರ ಇತ್ತು, ಈ ವರ್ಷ ಇಲ್ಲ ಎಂದಾದರೆ ನಷ್ಟ ಎಂದು ಗುರುತಾಗುತ್ತದೆ. ಕಡಿದದ್ದು ಯಾರು, ಸುಟ್ಟದ್ದು ಸಿಡಿಲೋ ಮನುಷ್ಯನೋ, ಅಲ್ಲಿ ಮತ್ತೆ ಸಸಿ ಏಳುತ್ತದೋ ಇಲ್ಲವೋ ಎಂಬುದು ಆ ಚೌಕದಿಂದ ನೇರವಾಗಿ ಗೊತ್ತಾಗುವುದಿಲ್ಲ. ಕಾಗದಕ್ಕೆಂದೇ ನೆಟ್ಟ ನೀಲಗಿರಿಯ ಕಟಾವು ಕೂಡ ಇಡೀ ಜಗತ್ತಿನ ಮರಹೊದಿಕೆಯ ನಷ್ಟದ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಆದರೆ ಮೇ ತಿಂಗಳ ತಲೆಬರಹಕ್ಕೆ ಬಂದ 67 ಲಕ್ಷ ಹೆಕ್ಟೇರಿಗೆ ಈ ಸಮಜಾಯಿಷಿ ಹೊಂದುವುದಿಲ್ಲ. ಅದು ಉಷ್ಣವಲಯದ ಹಳೆಯ ಕಾಡುಗಳಿಗೆ ಮಾತ್ರ ಸಂಬಂಧಿಸಿದ ಅಂಕಿ, ನೆಡುತೋಪುಗಳನ್ನು ಮೊದಲೇ ಹೊರಗಿಡಲಾಗಿದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬೆಂಕಿಯಿಂದಾದದ್ದು. ಬೆಂಕಿ ಬೇಸಾಯವನ್ನು ಹಿಂದಿಕ್ಕಿದ್ದು ಆ ಲೆಕ್ಕದಲ್ಲಿ ಅದೇ ಮೊದಲು.

ಸುಟ್ಟ ಕಾಡು ಎಫ್‌ಎಒ ಪುಸ್ತಕದಲ್ಲಿ ಕಾಡಾಗಿಯೇ ಮುಂದುವರಿಯುತ್ತದೆ, ಉಪಗ್ರಹದ ಪುಸ್ತಕದಲ್ಲಿ ನಷ್ಟವಾಗುತ್ತದೆ. ಒಂದು ಹತ್ತು ವರ್ಷಗಳ ಸರಾಸರಿ, ಇನ್ನೊಂದು ಭೀಕರ ಬರದ ಒಂದು ವರ್ಷ. ತಾಳೆಯಾಗದ ಎರಡು ಲೆಕ್ಕಗಳ ಮೂಲ ಬಹುಮಟ್ಟಿಗೆ ಇಲ್ಲಿದೆ.

ನಿವ್ವಳದ ಮರೆಯಲ್ಲಿ

ಎಫ್‌ಎಒ ವರದಿಯಲ್ಲೇ ಇನ್ನೊಂದು ಅಂಕಿಯಿದೆ. ಕಾಡಿನ ನಿವ್ವಳ ನಷ್ಟ, ಅಂದರೆ ಹೋದದ್ದರಿಂದ ಹೊಸದಾಗಿ ಬಂದದ್ದನ್ನು ಕಳೆದ ಮೊತ್ತ, 1990ರ ದಶಕದಲ್ಲಿ ವರ್ಷಕ್ಕೆ 1.07 ಕೋಟಿ ಹೆಕ್ಟೇರ್ ಇತ್ತು, 2015ರಿಂದ 2025ರವರೆಗೆ 41.2 ಲಕ್ಷಕ್ಕೆ ಇಳಿಯಿತು. ಅರ್ಧಕ್ಕಿಂತ ಕಡಿಮೆ. ಸಂತೋಷದ ಸುದ್ದಿಯೇ ಹೌದು. ಆದರೆ ನಡುವಿನ ಸಾಲನ್ನೂ ಓದಬೇಕು: 2000ದಿಂದ 2015ರವರೆಗೆ ಈ ನಿವ್ವಳ ನಷ್ಟ ಸುಮಾರು 37 ಲಕ್ಷವಿತ್ತು. ಅಂದರೆ ಕಳೆದ ದಶಕದಲ್ಲಿ ಅದು ತುಸು ಏರಿದೆ.

ಕಡಿಯುವುದು ಕಡಿಮೆಯಾಗಿಯೂ ನಿವ್ವಳ ನಷ್ಟ ಏರಿದ್ದು ಹೇಗೆ? ಜಮಾ ಬದಿಯನ್ನು ನೋಡಿದರೆ ಉತ್ತರ ಸಿಗುತ್ತದೆ. ಹೊಸದಾಗಿ ಕಾಡಾಗುವ ನೆಲ, ಅಂದರೆ ನೆಟ್ಟದ್ದೂ ತಾನಾಗಿ ಬೆಳೆದದ್ದೂ ಸೇರಿ, ಇದೇ ಎರಡು ಅವಧಿಗಳ ನಡುವೆ ವರ್ಷಕ್ಕೆ 98.8 ಲಕ್ಷ ಹೆಕ್ಟೇರ್ ಇದ್ದದ್ದು 67.8 ಲಕ್ಷಕ್ಕೆ ಕುಸಿಯಿತು. ಖರ್ಚು ಇಳಿದಿದೆ, ಆದರೆ ಆದಾಯ ಅದಕ್ಕಿಂತ ವೇಗವಾಗಿ ಇಳಿದಿದೆ. ಸುಲಭವಾಗಿ ಕಾಡಾಗಬಲ್ಲ ನೆಲ ಎಲ್ಲಿತ್ತೋ ಅಲ್ಲೆಲ್ಲ ನೆಟ್ಟಾದ ಮೇಲೆ ಉಳಿಯುವುದು ನೀರಿಲ್ಲದ, ಕಲ್ಲು ತುಂಬಿದ, ಇಲ್ಲವೇ ಯಾರೋ ಉಳುತ್ತಿರುವ ನೆಲ. ಜಮಾ ಬದಿಗೆ ಇಂಥ ಮಿತಿಯೊಂದಿದೆ.

ನಿವ್ವಳದ ದೊಡ್ಡ ತೊಡಕು ಇದಕ್ಕಿಂತ ಆಳದ್ದು. ಈ ಕೂಡಿ ಕಳೆಯುವ ಲೆಕ್ಕದಲ್ಲಿ ಒಂದು ಹೆಕ್ಟೇರಿಗೆ ಒಂದು ಹೆಕ್ಟೇರ್ ಸಮ. ಬ್ರೆಜಿಲ್‌ನಲ್ಲಿ ನೂರಾರು ವರ್ಷ ಹಳೆಯ ಮಳೆಕಾಡಿನ ಒಂದು ಹೆಕ್ಟೇರ್ ಹೋಗಿ, ಚೀನಾದ ಒಣ ಬಯಲಿನಲ್ಲಿ ಒಂದೇ ಜಾತಿಯ ಸಸಿಗಳ ಒಂದು ಹೆಕ್ಟೇರ್ ಎದ್ದರೆ ಮೊತ್ತ ಸೊನ್ನೆ. ಆ ಸೊನ್ನೆಯನ್ನು ಒಪ್ಪಿಕೊಳ್ಳಲು ಬ್ರೆಜಿಲ್‌ನ ಜಾಗ್ವಾರ್‌ಗೂ ಅಲ್ಲಿನ ಮಳೆಗೂ ಕಾರಣವಿಲ್ಲ. ಕಾಡಿನ ಬಗ್ಗೆ ಒಂದೇ ಜಾಗತಿಕ ಸಂಖ್ಯೆ ಕೇಳುವುದೇ ತಪ್ಪು ಪ್ರಶ್ನೆ ಎನ್ನುವುದು ಈ ಲೇಖನದ ವಾದ. ಪ್ರದೇಶ ಪ್ರದೇಶವಾಗಿ ಬಿಡಿಸಿ ನೋಡಿದರೆ ಮಾತ್ರ ಚಿತ್ರ ತಿಳಿಯಾಗುತ್ತದೆ. ನಷ್ಟದ ಹೆಚ್ಚಿನ ಭಾಗ ದಕ್ಷಿಣ ಅಮೆರಿಕ ಮತ್ತು ಆಫ್ರಿಕಾದಲ್ಲಿದೆ, ಗಳಿಕೆ ಏಷ್ಯಾ ಮತ್ತು ಯುರೋಪಿನಲ್ಲಿದೆ.

ಅಮೆಜಾನ್: ಹುಲ್ಲುಗಾವಲು ಹುಟ್ಟುವ ಬಗೆ

ಅಮೆಜಾನ್‌ನಲ್ಲಿ ಕಾಡು ಒಂದೇ ದಿನ ಮಾಯವಾಗುವುದಿಲ್ಲ. ಮೊದಲು ಬೆಲೆಬಾಳುವ ನಾಲ್ಕಾರು ಜಾತಿಯ ಮರಗಳು ಹೋಗುತ್ತವೆ. ಅವುಗಳನ್ನು ಎಳೆದು ತರಲು ಮಾಡಿದ ದಾರಿ ಮುಂದಿನವರಿಗೆ ಬಾಗಿಲಾಗುತ್ತದೆ. ಮಳೆ ಹಿಂದೆ ಸರಿದ ಮೇಲೆ ಉಳಿದದ್ದನ್ನು ಗರಗಸದಿಂದ ಕೆಡವುತ್ತಾರೆ, ಕೆಲವೆಡೆ ಎರಡು ಟ್ರ್ಯಾಕ್ಟರ್‌ಗಳ ನಡುವೆ ದಪ್ಪ ಸರಪಳಿ ಕಟ್ಟಿ ನೆಲವನ್ನೇ ಬಾಚಿದಂತೆ ಎಳೆದುಕೊಂಡು ಹೋಗುತ್ತಾರೆ. ಬಿದ್ದ ಮರ ವಾರಗಟ್ಟಲೆ ಬಿಸಿಲಿಗೆ ಒಣಗುತ್ತದೆ. ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ ಬೆಂಕಿ. ಬೂದಿಯ ಮೇಲೆ ಆಫ್ರಿಕಾ ಮೂಲದ ಹುಲ್ಲಿನ ಬೀಜ ಚೆಲ್ಲಿ ದನ ಬಿಡುತ್ತಾರೆ. ಇಷ್ಟಕ್ಕೂ ದನದಿಂದ ಬರುವ ಲಾಭ ಬಹಳ ಕಡೆ ಅಲ್ಪವೇ. ನೆಲ ತನ್ನದೆಂದು ತೋರಿಸಲು ಇರುವ ಅಗ್ಗದ ಬೇಲಿ ಆ ದನ. ಸರ್ಕಾರಿ ಕಾಡನ್ನು ಒತ್ತುವರಿ ಮಾಡಿದವನಿಗೆ ಮುಂದೆಂದಾದರೂ ಪಟ್ಟಾ ಸಿಗಬಹುದೆಂಬ ಆಸೆಯೇ ಅರ್ಧ ಬಂಡವಾಳ.

ಇದನ್ನು ತಡೆಯಲು ಸಾಧ್ಯ ಎಂಬುದಕ್ಕೂ ಬ್ರೆಜಿಲ್ ಸಾಕ್ಷಿ. ಅಲ್ಲಿನ ಬಾಹ್ಯಾಕಾಶ ಸಂಸ್ಥೆ ಇನ್ಪೆಯ ವಾರ್ಷಿಕ ಲೆಕ್ಕದಲ್ಲಿ 2004ರಲ್ಲಿ ಸುಮಾರು 27,800 ಚದರ ಕಿಲೋಮೀಟರ್ ಅಮೆಜಾನ್ ಬೋಳಾಯಿತು. 2012ರಲ್ಲಿ ಅದು ಸುಮಾರು 4,600. ನಡುವೆ ನಡೆದದ್ದು ಪವಾಡವಲ್ಲ: ಉಪಗ್ರಹದಿಂದ ತಕ್ಷಣದ ಎಚ್ಚರಿಕೆ, ಅದನ್ನು ಹಿಡಿದು ಸ್ಥಳಕ್ಕೆ ಹೋಗುವ ಸಿಬ್ಬಂದಿ, ಅಕ್ರಮವಾಗಿ ಕಡಿದ ಜಮೀನಿಗೆ ನಿರ್ಬಂಧ, 2008ರಿಂದ ಬ್ಯಾಂಕ್ ಸಾಲಕ್ಕೆ ಷರತ್ತು, ಹೊಸ ಸಂರಕ್ಷಿತ ಪ್ರದೇಶಗಳು. 2006ರಲ್ಲಿ ಸೋಯಾ ವ್ಯಾಪಾರಿಗಳು ಹೊಸದಾಗಿ ಕಡಿದ ನೆಲದ ಬೆಳೆ ಕೊಳ್ಳುವುದಿಲ್ಲ ಎಂದು ಒಪ್ಪಂದ ಮಾಡಿಕೊಂಡರು. ಹಿಡಿತ ಸಡಿಲವಾದಾಗ 2021ರಲ್ಲಿ ಅಂಕಿ ಮತ್ತೆ 13,000 ಮುಟ್ಟಿತು. ಬಿಗಿಯಾದಾಗ 2024ರಲ್ಲಿ 6,300ರ ಆಸುಪಾಸಿಗೆ ಬಂತು, 2025ರಲ್ಲಿ 5,796ಕ್ಕೆ ಇಳಿಯಿತು.

ಹಾಗಾದರೆ 2024ರಲ್ಲಿ ಬ್ರೆಜಿಲ್ ಸರ್ಕಾರ ಇಳಿಕೆಯೆಂದದ್ದೂ ಮೇರಿಲ್ಯಾಂಡ್ ತಂಡ ಭಾರಿ ಏರಿಕೆಯೆಂದದ್ದೂ ಹೇಗೆ? ಜಾಗತಿಕ ಒಗಟಿನ ಚಿಕ್ಕ ಪ್ರತಿ ಇದು. ಇನ್ಪೆಯ ವಾರ್ಷಿಕ ಲೆಕ್ಕ ಮುಖ್ಯವಾಗಿ ಬೋಳುಕಡಿತವನ್ನು ಹಿಡಿಯುತ್ತದೆ, ಆಗಸ್ಟ್‌ನಿಂದ ಜುಲೈವರೆಗೆ. ಆ ವರ್ಷದ ಬೆಂಕಿ ಹೆಚ್ಚಾಗಿ ಆಗಸ್ಟ್ ನಂತರದ್ದು, ನಿಂತ ಕಾಡಿನೊಳಗೆ ಹಬ್ಬಿದ್ದು. ಹಸಿಯಾದ ಮಳೆಕಾಡಿಗೆ ಸಹಜವಾಗಿ ಬೆಂಕಿ ಹತ್ತುವುದಿಲ್ಲ. ಆದರೆ 2023ರಲ್ಲೂ 2024ರಲ್ಲೂ ಮನಾವುಸ್ ನಗರದ ಬಳಿ ರಿಯೊ ನೆಗ್ರೊ ನದಿ ದಾಖಲೆಯ ಕೆಳಮಟ್ಟಕ್ಕೆ ಇಳಿದಿತ್ತು. ಹುಲ್ಲುಗಾವಲಿಗೆಂದು ಹಚ್ಚಿದ ಬೆಂಕಿ ಬೇಲಿಯಲ್ಲಿ ನಿಲ್ಲಲಿಲ್ಲ. ಪಕ್ಕದ ಬೊಲಿವಿಯಾದಲ್ಲಿ ಒಂದೇ ವರ್ಷಕ್ಕೆ ನಷ್ಟ ಮೂರು ಪಟ್ಟಾಗಿ, ಅದು ಬ್ರೆಜಿಲ್‌ನ ನಂತರದ ಸ್ಥಾನಕ್ಕೆ ಬಂದು ನಿಂತಿತು.

ಪರಿಣಾಮಗಳು ಸರಪಳಿಯಂತೆ ಬರುತ್ತವೆ. ಅಮೆಜಾನ್‌ನ ಮರಗಳು ಬೇರಿನಿಂದ ಎಳೆದ ನೀರನ್ನು ಎಲೆಯಿಂದ ಆವಿಯಾಗಿ ಬಿಡುತ್ತವೆ. ಅಟ್ಲಾಂಟಿಕ್‌ನಿಂದ ಬಂದ ತೇವ ಹೀಗೆ ಮತ್ತೆ ಮತ್ತೆ ಮಳೆಯಾಗಿ ಪಶ್ಚಿಮಕ್ಕೆ ಸಾಗುತ್ತದೆ. ಇದಕ್ಕೇ ಹಾರುವ ನದಿಗಳೆಂಬ ಹೆಸರು. ಪೂರ್ವದ ಕಾಡು ಹೋದರೆ ಪಶ್ಚಿಮದ ಕಾಡಿಗೆ ಮಳೆ ಕಡಿಮೆ, ಮಳೆ ಕಡಿಮೆಯಾದರೆ ಬೆಂಕಿ ಸುಲಭ, ಬೆಂಕಿ ಬಿದ್ದರೆ ಮರ ಇನ್ನೂ ಕಡಿಮೆ. ಶೇ 20ರಿಂದ 25ರಷ್ಟು ಕಾಡು ಹೋದರೆ ದೊಡ್ಡ ಭಾಗ ತಾನಾಗಿ ಕುರುಚಲು ಬಯಲಾಗಬಹುದು ಎಂದು ವಿಜ್ಞಾನಿಗಳಾದ ಥಾಮಸ್ ಲವ್‌ಜಾಯ್ ಮತ್ತು ಕಾರ್ಲೋಸ್ ನೊಬ್ರೆ ಎಚ್ಚರಿಸಿದ್ದರು. ಈ ಗಡಿಯ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ, ಆದರೆ ದಿಕ್ಕಿನ ಬಗ್ಗೆ ಜಗಳ ಕಡಿಮೆ. ಆಗ್ನೇಯ ಅಮೆಜಾನ್ ಈಗಾಗಲೇ ಹೀರುವುದಕ್ಕಿಂತ ಹೆಚ್ಚು ಇಂಗಾಲ ಹೊರಬಿಡುತ್ತಿದೆ ಎಂದು 2021ರಲ್ಲಿ ಪ್ರಕಟವಾದ ವಿಮಾನ ಅಳತೆಗಳು ತೋರಿಸಿದವು.

ಕಾಂಗೋ ಮತ್ತು ಇಂಡೊನೇಷ್ಯಾ: ಬೇರೆ ರೋಗ, ಬೇರೆ ಮದ್ದು

ಕಾಂಗೋ ಕಣಿವೆಯಲ್ಲಿ ಟ್ರ್ಯಾಕ್ಟರ್ ಸರಪಳಿಗಳ ಕಥೆ ಇಲ್ಲ. ಅಲ್ಲಿ ಕಾಡು ತುಣುಕು ತುಣುಕಾಗಿ ಹೋಗುತ್ತದೆ: ಕುಮರಿ ಬೇಸಾಯದ ಸಣ್ಣ ಹಿಡುವಳಿ, ಅಡುಗೆಯ ಸೌದೆ, ನಗರಕ್ಕೆ ಹೋಗುವ ಇದ್ದಿಲು. ಕುಮರಿ ತಾನಾಗಿಯೇ ಕಾಡಿಗೆ ಶತ್ರುವಲ್ಲ. ಒಮ್ಮೆ ಬೆಳೆದ ನೆಲವನ್ನು ಹದಿನೈದು ಇಪ್ಪತ್ತು ವರ್ಷ ಬೀಳು ಬಿಟ್ಟರೆ ಕಾಡು ಮರಳುತ್ತದೆ. ಜನ ಹೆಚ್ಚಿ ಆ ಅವಧಿ ಐದಾರು ವರ್ಷಕ್ಕೆ ಇಳಿದಾಗ ಮರಳುವುದಿಲ್ಲ. ಒಂದೂವರೆ ಕೋಟಿಗೂ ಹೆಚ್ಚು ಜನರಿರುವ ಕಿನ್ಶಾಸಾದ ಬಹುಪಾಲು ಒಲೆಗಳು ಇದ್ದಿಲಿನಿಂದ ಉರಿಯುತ್ತವೆ. ದೊಡ್ಡ ಕಂಪನಿಯ ಮೇಲೆ ದಂಡ ಹಾಕುವ ಬ್ರೆಜಿಲ್‌ನ ಉಪಾಯ ಇಲ್ಲಿ ಕೆಲಸ ಮಾಡದು. ಅಡುಗೆ ಇಂಧನವೇ ಅರಣ್ಯ ನೀತಿ. ಇದೇ ಕಣಿವೆಯ ಜವುಗಿನಡಿ ಸುಮಾರು 3,000 ಕೋಟಿ ಟನ್ ಇಂಗಾಲವಿರುವ ಪೀಟ್ ಪದರವಿದೆ ಎಂದು 2017ರಲ್ಲಷ್ಟೇ ಲೆಕ್ಕ ಸಿಕ್ಕಿತು.

ಪೀಟ್ ಎಂದರೆ ಏನೆಂದು ಕಹಿಯಾಗಿ ಕಲಿತದ್ದು ಇಂಡೊನೇಷ್ಯಾ. ನೀರಲ್ಲಿ ಕೊಳೆಯದೆ ಸಾವಿರಾರು ವರ್ಷ ಪದರಗಟ್ಟಿದ ಎಲೆ, ಬೇರು, ಕಟ್ಟಿಗೆಯ ನೆಲ ಅದು. 1990ರ ದಶಕದ ಮಧ್ಯದಲ್ಲಿ ಮಧ್ಯ ಕಾಲಿಮಂಟನ್‌ನಲ್ಲಿ ಹತ್ತು ಲಕ್ಷ ಹೆಕ್ಟೇರ್ ಭತ್ತದ ಗದ್ದೆ ಮಾಡಲು ಸುಹಾರ್ತೊ ಸರ್ಕಾರ ಕಾಲುವೆ ತೋಡಿಸಿತು. ಕಾಲುವೆ ನೀರನ್ನು ಬಸಿಯಿತು, ಪೀಟ್ ಒಣಗಿ ಕುಸಿಯಿತು, ಭತ್ತ ಬೆಳೆಯಲಿಲ್ಲ, 1997ರ ಬರದಲ್ಲಿ ನೆಲಕ್ಕೇ ಬೆಂಕಿ ಹತ್ತಿತು. ಆ ಬೆಂಕಿ ಮೇಲೆ ಕಾಣದು. ಒಳಗೊಳಗೇ ಕುಮುಲುತ್ತ ಸಾಗುತ್ತದೆ, ಮಳೆ ಬರುವವರೆಗೆ ಆರದು. 2015ರಲ್ಲಿ ಮತ್ತೆ 26 ಲಕ್ಷ ಹೆಕ್ಟೇರ್ ಸುಟ್ಟಿತು. ಆಮೇಲೆ ಸರ್ಕಾರ ಕಾಲುವೆಗಳನ್ನು ಮುಚ್ಚಿಸಲು ಹೊರಟಿತು. ಹಳೆಯ ಕಾಡು ಮತ್ತು ಪೀಟ್ ನೆಲಕ್ಕೆ ಹೊಸ ಪರವಾನಗಿ ನೀಡದ 2011ರ ತಡೆಯನ್ನು 2019ರಲ್ಲಿ ಕಾಯಂ ಮಾಡಿತು. ನಷ್ಟ ಗಣನೀಯವಾಗಿ ಇಳಿದಿದೆ. ಈಗ ಒತ್ತಡ ಸುಲಾವೆಸಿಯ ನಿಕಲ್ ಗಣಿಗಳಿಂದ ಮತ್ತು ಪಪುವಾದ ಆಹಾರ ಬೆಳೆ ಯೋಜನೆಗಳಿಂದ ಬರುತ್ತಿದೆ. ಭತ್ತದ ಕಾಲುವೆಯ ಪಾಠ ಎಷ್ಟು ನೆನಪಿದೆಯೋ ಕಾಣೆ.

ಉತ್ತರದ ಕಾಡು: ಕಡಿಯದೆ ಕಳೆದದ್ದು

2023ರಲ್ಲಿ ಕೆನಡಾದಲ್ಲಿ ಸುಮಾರು ಒಂದೂವರೆ ಕೋಟಿ ಹೆಕ್ಟೇರ್ ಸುಟ್ಟಿತು. ಅರಣ್ಯನಾಶದ ಪಟ್ಟಿಯಲ್ಲಿ ಇದರ ಕೊಡುಗೆ ಬಹುತೇಕ ಸೊನ್ನೆ, ಏಕೆಂದರೆ ಯಾರೂ ಅಲ್ಲಿ ಹೊಲ ಮಾಡಲಿಲ್ಲ. ಉತ್ತರದ ಕಾಡಿಗೆ ಬೆಂಕಿ ಹೊಸದಲ್ಲ ಎನ್ನುವವರ ಮಾತೂ ನಿಜ. ಕಪ್ಪು ಸ್ಪ್ರೂಸ್ ಮರದ ಕಾಯಿಗಳು ಅಂಟಿನಿಂದ ಮುಚ್ಚಿಕೊಂಡಿದ್ದು, ಬೆಂಕಿಯ ಝಳಕ್ಕೆ ಬಾಯ್ದೆರೆದು ಬೀಜ ಚೆಲ್ಲುತ್ತವೆ. ಆದರೆ ಮರಿಗಿಡಗಳು ಕಾಯಿ ಬಿಡುವ ವಯಸ್ಸಿಗೆ ಬರುವ ಮುನ್ನವೇ ಎರಡನೆಯ ಬೆಂಕಿ ಬಂದರೆ ಚೆಲ್ಲಲು ಬೀಜವೇ ಇರುವುದಿಲ್ಲ. ಅಂಥ ಕಡೆ ಪೊದೆ, ಹುಲ್ಲು ಇಲ್ಲವೇ ಬೇರೆ ಜಾತಿಯ ಮರ ನೆಲೆಯೂರುತ್ತದೆ. ಕಾಡು ಎಂಬ ಚೀಟಿ ಹಾಗೆಯೇ ಇರುತ್ತದೆ.

ಮಧ್ಯ ಯುರೋಪಿನಲ್ಲಿ ಬೆಂಕಿಯ ಬದಲು ತೊಗಟೆ ಕೊರೆಯುವ ದುಂಬಿ. ಜರ್ಮನಿಯ ಹಾರ್ಜ್ ಬೆಟ್ಟಗಳಲ್ಲಿ ಸಾಲಾಗಿ ನೆಟ್ಟ ಸ್ಪ್ರೂಸ್ 2018ರ ನಂತರದ ಬರಗಳಲ್ಲಿ ಬೂದುಬಣ್ಣದ ಕಂಬಗಳಾಗಿ ನಿಂತಿತು. ಚೆನ್ನಾಗಿ ನೀರು ಕುಡಿದ ಮರ ದುಂಬಿಯನ್ನು ಅಂಟಿನಲ್ಲಿ ಮುಳುಗಿಸಿ ಕೊಲ್ಲುತ್ತದೆ. ಬಾಯಾರಿದ ಮರಕ್ಕೆ ಆ ಅಂಟು ಇರುವುದಿಲ್ಲ.

ಹಸಿರಾದ ದೇಶಗಳು, ಹೊರಗೆ ಹೋದ ಕೊಡಲಿ

ಇನ್ನು ಗಳಿಕೆಯ ಕಡೆ. ಎಫ್‌ಎಒ ಪಟ್ಟಿಯಲ್ಲಿ ಕಾಡು ಹೆಚ್ಚಿಸಿದ ದೇಶಗಳಲ್ಲಿ ಚೀನಾ ಮೊದಲನೆಯದು, ವರ್ಷಕ್ಕೆ ಸುಮಾರು 17 ಲಕ್ಷ ಹೆಕ್ಟೇರ್. ರಷ್ಯಾ ಎರಡನೆಯದು, ಬಹಳ ಅಂತರದಲ್ಲಿ ಭಾರತ ಮೂರನೆಯದು. ಮರುಭೂಮಿ ತಡೆಯಲು ಚೀನಾ 1978ರಲ್ಲೇ ಉತ್ತರದಲ್ಲಿ ಮರಗಳ ಪಟ್ಟಿ ನೆಡಲು ಹೊರಟಿತ್ತು. 1998ರ ಯಾಂಗ್ಟ್ಸೆ ಪ್ರವಾಹದ ನಂತರ ಸಹಜ ಕಾಡಿನ ಕಡಿತಕ್ಕೆ ತಡೆ ಬಿತ್ತು. ಇಳಿಜಾರಿನ ಹೊಲ ಬಿಟ್ಟುಕೊಟ್ಟ ರೈತರಿಗೆ ಧಾನ್ಯವೂ ಹಣವೂ ಸಿಕ್ಕಿತು. ಮಣ್ಣಿನ ಸವಕಳಿ ಕಡಿಮೆಯಾದದ್ದು ನಿಜ. ನಿಂಗ್‌ಶಿಯಾದಲ್ಲಿ ನೆಟ್ಟ ಪಾಪ್ಲರ್ ಸಾಲುಗಳನ್ನು ಉದ್ದ ಮೀಸೆಯ ದುಂಬಿ ಗುಂಪುಗುಂಪಾಗಿ ಕೊಂದದ್ದೂ, ಲೋಯೆಸ್ ಪ್ರಸ್ಥಭೂಮಿಯಲ್ಲಿ ಹೊಸ ಮರಗಳು ನದಿಗೆ ಹೋಗುವ ನೀರನ್ನು ತಾವೇ ಕುಡಿದದ್ದೂ ಅಷ್ಟೇ ನಿಜ.

ದೇಶವೊಂದು ಮೊದಲು ಕಾಡು ಕಳೆದುಕೊಂಡು, ಆಮೇಲೆ ಮರಳಿ ಪಡೆಯುವ ಈ ತಿರುವಿಗೆ ಭೂಗೋಳಜ್ಞ ಅಲೆಕ್ಸಾಂಡರ್ ಮೇಥರ್ 1992ರಲ್ಲಿ ಅರಣ್ಯ ಸ್ಥಿತ್ಯಂತರವೆಂದು ಹೆಸರಿಟ್ಟರು. ಯುರೋಪಿನಲ್ಲಿ ಕಲ್ಲಿದ್ದಲು ಸೌದೆಯ ಜಾಗಕ್ಕೆ ಬಂತು, ಜನ ನಗರಕ್ಕೆ ಹೋದರು, ಬೆಟ್ಟದ ಬಡ ಹೊಲಗಳು ಬೀಳಾದವು, ಮರ ತಾನಾಗಿ ಬಂತು. ಶ್ರೀಮಂತಿಕೆ ಬಂದರೆ ಕಾಡು ಮರಳುತ್ತದೆ ಎಂದು ಇದರಿಂದ ಪಾಠ ಕಲಿತವರಿದ್ದಾರೆ. ಇದರಲ್ಲೊಂದು ಜಾಣಮರೆವಿದೆ. ಚೀನಾ ತನ್ನ ಕಾಡಿಗೆ ಬೀಗ ಹಾಕಿದ ಮೇಲೆ ವಿಶ್ವದ ಅತಿ ದೊಡ್ಡ ನಾಟಾ ಆಮದುದಾರನಾಯಿತು. ವಿಯೆಟ್ನಾಂನಲ್ಲಿ ಮರಳಿ ಬೆಳೆದ ಕಾಡಿನ ಸುಮಾರು ಐದನೇ ಎರಡು ಭಾಗಕ್ಕೆ ಸಮನಾದ ಕಡಿತ ಹೊರದೇಶಗಳಿಗೆ ವರ್ಗವಾಗಿತ್ತೆಂದು 2009ರ ಅಧ್ಯಯನವೊಂದು ತೋರಿಸಿತು. ಯುರೋಪು ತಿನ್ನುವ ಚಾಕೊಲೇಟ್, ಅದರ ಹಂದಿ ಕೋಳಿಗಳು ತಿನ್ನುವ ಸೋಯಾ ಬೆಳೆಯುವುದು ಯುರೋಪಿನಲ್ಲಲ್ಲ. ಕೊಡಲಿ ಗಡಿಯಾಚೆ ಹೋಗಿದೆ, ಅಷ್ಟೇ. ಕೋಸ್ಟರಿಕಾದಂಥ ಅಪವಾದಗಳೂ ಇವೆ: 1980ರ ದಶಕದಲ್ಲಿ ನೆಲದ ಕಾಲು ಭಾಗದ ಆಸುಪಾಸಿಗೆ ಇಳಿದಿದ್ದ ಕಾಡು ಈಗ ಅರ್ಧವನ್ನು ದಾಟಿದೆ. ಕಾಡನ್ನು ಬೇರೆ ಬಳಕೆಗೆ ತಿರುಗಿಸುವುದನ್ನು ನಿಷೇಧಿಸಿ, ಇಂಧನ ತೆರಿಗೆಯಿಂದ ಕಾಡಿನ ಒಡೆಯರಿಗೆ ಹಣ ಕೊಡುವ 1996ರ ಕಾನೂನು ಅದಕ್ಕೊಂದು ಕಾರಣ. ದನದ ಮಾಂಸದ ಬೆಲೆ ಕುಸಿದಿದ್ದದ್ದು ಇನ್ನೊಂದು ಕಾರಣ. ಇದನ್ನು ಹೇಳುವವರು ಕಡಿಮೆ.

ಕೊಳ್ಳುವವರ ಕಾನೂನು, ಬೆಳೆಯುವವರ ಸಿಟ್ಟು

ಗಡಿಯಾಚೆಯ ಈ ಕೊಡಲಿಯನ್ನು ಹಿಡಿಯಲೆಂದೇ ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ ಈ ಏಳು ಸರಕುಗಳು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಿಂದ ಬಂದಿರಬಾರದು; ಬೆಳೆದ ಜಮೀನಿನ ನಕ್ಷಾಂಕವನ್ನು ಆಮದುದಾರ ಒಪ್ಪಿಸಬೇಕು. 2024ರ ಕೊನೆಗೆ ಜಾರಿಯಾಗಬೇಕಿದ್ದದ್ದು ಒಂದು ವರ್ಷ ಮುಂದೆ ಹೋಯಿತು, ಆಮೇಲೆ ಇನ್ನೊಂದು ವರ್ಷ. ಈಗ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ ಗಡುವು.

ಬ್ರೆಜಿಲ್, ಇಂಡೊನೇಷ್ಯಾ, ಮಲೇಷ್ಯಾಗಳ ಆಕ್ಷೇಪ ಬರೀ ವ್ಯಾಪಾರದ ಕೂಗಲ್ಲ. ತಮ್ಮ ಕಾಡನ್ನು ಶತಮಾನಗಳ ಹಿಂದೆಯೇ ಕಡಿದು ಮುಗಿಸಿದವರು ನಮಗೆ ಗಡುವು ಹಾಕುತ್ತಿದ್ದಾರೆ ಎಂಬ ವಾದದಲ್ಲಿ ತೂಕವಿದೆ. ಎರಡು ಎಕರೆಯ ರೈತ ನಕ್ಷೆ, ದಾಖಲೆ ಒದಗಿಸಲಾರದೆ ಮಾರುಕಟ್ಟೆಯಿಂದ ಹೊರಬಿದ್ದು, ದೊಡ್ಡ ತೋಟದವರೇ ಉಳಿಯಬಹುದು. ಪರಿಸರ ಸಂಘಟನೆಗಳ ಮಾತು ಬೇರೆ: ಗಡುವು ಮುಂದೂಡಿದಷ್ಟೂ, ಹಣ ಖರ್ಚು ಮಾಡಿ ಸಿದ್ಧರಾದವರಿಗೆ ನಷ್ಟ, ಸುಮ್ಮನಿದ್ದವರಿಗೆ ಲಾಭ. ಇನ್ನೊಂದು ತೂತೂ ಇದೆ. ಕಾನೂನು ಬಳಸುವುದು ಎಫ್‌ಎಒ ವ್ಯಾಖ್ಯೆಯನ್ನೇ. ಮರ ವಿರಳವಾದ ಬ್ರೆಜಿಲ್‌ನ ಸೆರಾಡೊ ಬಯಲಿನ ದೊಡ್ಡ ಭಾಗ ಅದರ ಪ್ರಕಾರ ಕಾಡಲ್ಲ, ಮತ್ತು ಸೋಯಾ ಈಗ ಹಬ್ಬುತ್ತಿರುವುದು ಅಲ್ಲಿಯೇ. ಇತ್ತ 2006ರ ಸೋಯಾ ಒಪ್ಪಂದದ ಮೇಲೂ, ವ್ಯಾಪಾರಿಗಳು ಕೂಡಿ ಮಾಡಿದ ಕೂಟವೆಂಬ ಆರೋಪದಡಿ, ಬ್ರೆಜಿಲ್‌ನ ಸ್ಪರ್ಧಾ ನಿಯಂತ್ರಣ ಸಂಸ್ಥೆ 2025ರಲ್ಲಿ ತನಿಖೆ ಆರಂಭಿಸಿತು.

ದಂಡದ ಬದಲು ದುಡ್ಡು ಎಂಬ ದಾರಿ 2025ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಬೆಲೆಮ್ ನಗರದ ಹವಾಮಾನ ಸಮಾವೇಶದಲ್ಲಿ ತೆರೆಯಿತು. ಬ್ರೆಜಿಲ್ ಮುಂದಿಟ್ಟ ನಿಧಿಯ ಪ್ರಕಾರ ನಿಂತಿರುವ ಉಷ್ಣವಲಯದ ಕಾಡಿಗೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು ನಾಲ್ಕು ಡಾಲರ್. ಕಡಿದ ಪ್ರತಿ ಹೆಕ್ಟೇರಿಗೆ ಅದರ ಹಲವು ಪಟ್ಟು ಹಣ ಕಳೆಯಲಾಗುತ್ತದೆ, ಸುಟ್ಟು ಹಾಳಾದದ್ದಕ್ಕೂ ಕಳೆಯಲಾಗುತ್ತದೆ. ನೆಟ್ಟ ಸಸಿ ಎಣಿಸದೆ ಉಳಿದ ಹಳೆಯ ಕಾಡನ್ನು ಎಣಿಸುವುದು ಇದರ ಹೊಸತನ, ಮತ್ತು ನನ್ನ ಮಟ್ಟಿಗೆ ಇದರ ಗುಣ. ಕೊರತೆ ಹಣದ್ದು. ಗುರಿ 12,500 ಕೋಟಿ ಡಾಲರ್. ಸಮಾವೇಶದಲ್ಲಿ ಸಿಕ್ಕ ವಾಗ್ದಾನ 600 ಕೋಟಿಯನ್ನು ಸ್ವಲ್ಪ ಮೀರಿತು. ಸೋಯಾ ಒಂದು ಹೆಕ್ಟೇರಿನಲ್ಲಿ ಕೊಡುವ ಲಾಭದೆದುರು ನಾಲ್ಕು ಡಾಲರ್ ಏನೂ ಅಲ್ಲ, ಹಾಗಾಗಿ ಇದು ರೈತನ ಮನಸ್ಸು ಬದಲಿಸುವುದಕ್ಕಿಂತ ಸರ್ಕಾರಗಳ ಕಾವಲು ಪಡೆಗೆ ಸಂಬಳ ಕೊಡಲು ನೆರವಾದೀತು.

2030ರ ಎರಡು ಕಾಗದಗಳು

2021ರ ಗ್ಲಾಸ್ಗೊ ಹವಾಮಾನ ಸಮಾವೇಶದಲ್ಲಿ 140ಕ್ಕೂ ಹೆಚ್ಚು ದೇಶಗಳು 2030ರೊಳಗೆ ಕಾಡಿನ ನಷ್ಟವನ್ನು ನಿಲ್ಲಿಸಿ ಹಿಂದಿರುಗಿಸುತ್ತೇವೆ ಎಂದು ಸಹಿ ಹಾಕಿದವು. ಸಹಿಯ ಶಾಯಿ ಆರುವ ಮುನ್ನವೇ ಇಂಡೊನೇಷ್ಯಾದ ಅಂದಿನ ಪರಿಸರ ಸಚಿವೆ, 2030ಕ್ಕೆ ಶೂನ್ಯ ಅರಣ್ಯನಾಶ ಎಂದು ತಮ್ಮ ದೇಶವನ್ನು ಕಟ್ಟಿಹಾಕುವುದು ಸರಿಯಲ್ಲ, ನ್ಯಾಯವೂ ಅಲ್ಲ ಎಂದರು. ನಷ್ಟ ಎಂದರೆ ಕಡಿದ ಒಟ್ಟು ಮೊತ್ತವೋ, ನೆಟ್ಟದ್ದನ್ನು ಕಳೆದು ಉಳಿದ ನಿವ್ವಳವೋ ಎಂದು ಆ ಘೋಷಣೆ ಬಿಡಿಸಿ ಹೇಳಿರಲಿಲ್ಲ. ಬೆಲೆಮ್‌ನಲ್ಲಿ ಅರಣ್ಯನಾಶ ನಿಲ್ಲಿಸುವ ಮಾರ್ಗಸೂಚಿಯನ್ನು ಅಂತಿಮ ಒಪ್ಪಂದಕ್ಕೆ ಸೇರಿಸುವ ಪ್ರಯತ್ನವೂ ಕೈಗೂಡಲಿಲ್ಲ.

ಎಫ್‌ಎಒದ ಮುಂದಿನ ಐದು ವರ್ಷದ ಸಮೀಕ್ಷೆ ಬರಬೇಕಾದದ್ದೂ 2030ಕ್ಕೇ. ನಿವ್ವಳದ ಲೆಕ್ಕದಲ್ಲಿ ಹಲವು ದೇಶಗಳು ಮಾತು ಉಳಿಸಿಕೊಂಡಂತೆ ಅದರಲ್ಲಿ ಕಾಣಬಹುದು. ಅದೇ ವರ್ಷದ ಉಪಗ್ರಹ ನಕ್ಷೆಯಲ್ಲಿ ಅದೇ ದೇಶಗಳ ಹಳೆಯ ಕಾಡಿನ ಮೇಲೆ ಕೆಂಪು ಚೌಕಗಳು ಮೂಡಿರಬಹುದು.